ಇಲ್ಲೇ ಹತ್ತಿರ, 450 ಕಿಲೋಮೀಟರ್

ಶುಕ್ರವಾರ ಸಂಜೆ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮೊದಲು ವೀಸಾ, ಆಮೇಲೆ ಸೋನಾ ಮಸೂರಿಯ ಬೆಲೆ, ಕೊನೆಗೆ 'ನಾಳೆ ಎಲ್ಲಿಗೆ?' ಎಂಬ ಪ್ರಶ್ನೆ. ಮೊದಲೆರಡು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಮೂರನೆಯದರ ಮೇಲೆ ಎಲ್ಲರೂ ಮುಗಿಬೀಳುತ್ತೇವೆ.

ಈ ಸಲ ಮಾತಿಗೆ ಕಿಡಿ ಹಚ್ಚಿದವನು ನಮ್ಮ ಹೊಸಬ. ಬೆಂಗಳೂರು ವಿಜಯನಗರದ ಹುಡುಗ. ದೊಡ್ಡ ನಗರಗಳನ್ನು ಬಿಟ್ಟು ದೂರದ ಊರಿನಲ್ಲಿ ದುಡಿಯುವವರಿಗೆ ಕೊಡುವ 491 ನಂಬರಿನ ವೀಸಾ ಹಿಡಿದು ಬಂದಿದ್ದಾನೆ. ದೂರದ ಊರೆಂದರೆ ಹೆಚ್ಚೆಂದರೆ ರಾಮನಗರದಷ್ಟು ಎಂದುಕೊಂಡಿದ್ದನಂತೆ. ಇಲ್ಲಿಂದ ದಕ್ಷಿಣಕ್ಕೆ ಅಡಿಲೇಡ್ 1500 ಕಿಲೋಮೀಟರ್, ಉತ್ತರಕ್ಕೆ ಡಾರ್ವಿನ್ 1500 ಕಿಲೋಮೀಟರ್. ಖಂಡದ ಹೊಕ್ಕುಳಲ್ಲಿ ನಾವು.

"ಉಲುರು ಬಂಡೆ ನೋಡಿಕೊಂಡು ಬರೋಣ. ಇಲ್ಲೇ ಹತ್ತಿರ ಎಂದು ಆಫೀಸಿನಲ್ಲಿ ಹೇಳಿದರು. ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ವಾಪಸು ಬರಬಹುದಲ್ಲ?" ಎಂದ.

ಮೇಷ್ಟರು ಕಾಫಿ ಲೋಟ ಕೆಳಗಿಟ್ಟರು. ತಿಪಟೂರಿನವರು, ಇಲ್ಲಿಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ, ನಮಗೆ ಉಳಿದದ್ದೆಲ್ಲ ಹೇಳಿಕೊಡುತ್ತಾರೆ.

"ಹತ್ತಿರ ಎಂದರೆ ಎಷ್ಟು ಎಂದು ಕೇಳಿದೆಯೇನಪ್ಪಾ?"

"ಇಲ್ಲ."

"450 ಕಿಲೋಮೀಟರ್, ಅದೂ ಹೋಗುವುದಕ್ಕೆ ಮಾತ್ರ. ನಿಮ್ಮ ವಿಜಯನಗರದಿಂದ ಹೊರಟು ಹುಬ್ಬಳ್ಳಿ ದಾಟಿ, ಧಾರವಾಡದ ಪೇಡೆ ಅಂಗಡಿಯ ಮುಂದೆ ಹೋಗಿ ನಿಲ್ಲುವಷ್ಟು ದೂರ. ಆದರೆ ನಡುವೆ ತುಮಕೂರಿಲ್ಲ, ದಾವಣಗೆರೆಯಿಲ್ಲ, ಬೆಣ್ಣೆ ದೋಸೆಯ ವಾಸನೆಯೂ ಇಲ್ಲ. ಮನೆ ಬಿಟ್ಟು ಹೆದ್ದಾರಿ ಹಿಡಿದರೆ ಮೊದಲ ತಿರುವು ಬರುವುದು 200 ಕಿಲೋಮೀಟರ್ ಆದ ಮೇಲೆ, ಎರ್ಲ್‌ಡಂಡಾದಲ್ಲಿ."

"ಮೊಬೈಲಿನಲ್ಲಿ ದಾರಿ ಹೇಳುವ ಹೆಂಗಸು ಅಲ್ಲಿಯವರೆಗೆ ಮೌನವ್ರತದಲ್ಲಿ ಇರುತ್ತಾಳೆ" ಎಂದರು ಭಟ್ಟರು. "ಪಾಪ, ಸತ್ತೇ ಹೋದಳೋ ಏನೋ ಎಂದು ಮೊದಲ ಸಲ ಗಾಡಿ ನಿಲ್ಲಿಸಿ ನೋಡಿದ್ದೆ."

ಭಟ್ಟರು ಶಿರಸಿಯವರು, ಇಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಈ ಊರಿಗೆ ವರ್ಷವಿಡೀ ಬೀಳುವ ಮಳೆ ಸರಾಸರಿ 280 ಮಿಲಿಮೀಟರ್ ಎಂದು ತಿಳಿದ ದಿನ ಅವರಿಗೆ ಊಟ ಸೇರಿರಲಿಲ್ಲ. ಆಷಾಢದಲ್ಲಿ ಅವರ ಮನೆಯ ಅಂಗಳ ಅಷ್ಟನ್ನು ವಾರದೊಳಗೆ ಕುಡಿದು ಮುಗಿಸುತ್ತದೆ.

"ಹೆದ್ದಾರಿಯಲ್ಲಿ ಗಂಟೆಗೆ 130ರ ವೇಗಕ್ಕೆ ಅನುಮತಿ ಇದೆಯಲ್ಲ ಭಟ್ಟರೇ? ಬೇಗ ಹೋಗಿ ರಾತ್ರಿಯೇ ವಾಪಸು ಬಂದರಾಯಿತು."

"ಹಗಲಿಗೆ ಸರಿ. ಸಂಜೆ ಕವಿದ ಮೇಲೆ ಆ ರಸ್ತೆ ನಮ್ಮದಲ್ಲ, ಕಾಂಗರೂಗಳದ್ದು. ಜೊತೆಗೆ ಬೇಲಿಯಿಲ್ಲದ ಹುಲ್ಲುಗಾವಲಿನ ದನಗಳು, ಒಂಟೆಗಳು."

"ಮೈಸೂರು ರಸ್ತೆಯ ದನಗಳ ನಡುವೆ ಡ್ರೈವಿಂಗ್ ಕಲಿತವನು ನಾನು!"

"ಮೈಸೂರು ರಸ್ತೆಯ ದನಕ್ಕೆ ಹಾರನ್ ಅರ್ಥವಾಗುತ್ತದೆ. ಕಾಂಗರೂ ಆಚೆ ಹೋಗುತ್ತಿದ್ದದ್ದು ನಿನ್ನ ದೀಪ ಕಂಡು ಈಚೆ ಹಾರುತ್ತದೆ. ಇನ್ನು ರೋಡ್ ಟ್ರೈನ್ ಎಂಬುದನ್ನು ಕಂಡಿದ್ದೀಯಾ? ಒಂದು ಲಾರಿಯ ಬೆನ್ನಿಗೆ ಮೂರು ನಾಲ್ಕು ಡಬ್ಬಿಗಳು, ಒಟ್ಟು 53 ಮೀಟರ್ ಉದ್ದ. ಅದನ್ನು ಹಿಂದೆ ಹಾಕಲು ಹೊರಟರೆ ವಿಷ್ಣುಸಹಸ್ರನಾಮ ಅರ್ಧ ಮುಗಿದಿರುತ್ತದೆ, ಲಾರಿ ಮುಗಿದಿರುವುದಿಲ್ಲ."

ಹೊಸಬನಿಗೆ ಇನ್ನೊಂದು ಅನುಮಾನವಿತ್ತು. ಊರಾಚೆಯ ರಸ್ತೆಯಲ್ಲಿ ಎದುರಿಗೆ ಬರುವವರೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ತೋರಿಸುತ್ತಾರಲ್ಲ, ಮುಂದೆ ಪೊಲೀಸರು ನಿಂತಿದ್ದಾರೆ ಎಂದೇ? ಹೆಲ್ಮೆಟ್ ಇಲ್ಲದವನಿಗೆ ಎದುರಿನವನು ಸನ್ನೆ ಮಾಡುವ ಊರಿನಿಂದ ಬಂದವನಿಗೆ ಬೇರೇನು ಹೊಳೆಯಬೇಕು? ಅದು ಬರೀ ನಮಸ್ಕಾರ, ಮರಳಿ ಬೆರಳೆತ್ತಿದರೆ ಸಾಕು ಎಂದೆ. "ಗುರುತಿಲ್ಲದವರಿಗೂ?" ಎಂದ. ಗಂಟೆಗೊಬ್ಬ ಮನುಷ್ಯ ಕಾಣುವ ದಾರಿಯಲ್ಲಿ ಗುರುತು ನೋಡುತ್ತ ಕೂರಲಾಗುತ್ತದೆಯೇ!

"ಉಲುರು ಎಂದರೆ ತಮಾಷೆಯಲ್ಲ" ಎಂದು ಮೇಷ್ಟರು ಮತ್ತೆ ಪಾಠಕ್ಕೆ ನಿಂತರು. "348 ಮೀಟರ್ ಎತ್ತರ. 1985ರಲ್ಲಿ ಸರ್ಕಾರ ಆ ನೆಲವನ್ನು ಅದರ ಮೂಲ ಒಡೆಯರಾದ ಅನಂಗು ಜನರಿಗೆ ಹಿಂದಿರುಗಿಸಿತು. ದೂರದಿಂದ ಅದು ಮೊದಲ ಸಲ ಕಣ್ಣಿಗೆ ಬೀಳುವ ಕ್ಷಣ ಇದೆಯಲ್ಲ..."

"ಆ ಕ್ಷಣದ ವಿಷಯ ನಾನು ಹೇಳುತ್ತೇನೆ" ಎಂದು ಮೇಷ್ಟರ ಹೆಂಡತಿ, ನಮ್ಮೆಲ್ಲರ ಅತ್ತಿಗೆ, ಅಡುಗೆಮನೆಯಿಂದ ಬಂದರು. ಮೇಷ್ಟರು ಥಟ್ಟನೆ ಕರಿಬೇವಿನ ಕುಂಡವನ್ನು ಒಳಗೆ ತರಬೇಕೆಂದು ಎದ್ದರು. ಜುಲೈ ತಿಂಗಳಲ್ಲಿ ಇಲ್ಲಿಯ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುವುದುಂಟು. ನಾಲ್ಕು ಮನೆಗಳ ಒಗ್ಗರಣೆಗೆ ಆಧಾರವಾದ ಆ ಗಿಡ ಸಂಜೆಯಾದರೆ ಹಜಾರದಲ್ಲಿ, ಹೀಟರಿಗೆ ತುಸು ದೂರದಲ್ಲಿ, ಬಾಣಂತಿಯ ಹಾಗೆ ಕೂರುತ್ತದೆ.

"ಇವರು ದಾರಿಯಲ್ಲಿ ಎಡಗಡೆ ಒಂದು ದೊಡ್ಡ ಗುಡ್ಡ ಕಂಡ ಕೂಡಲೇ ಕಾರು ನಿಲ್ಲಿಸಿದರು. ನನ್ನನ್ನು ನಿಲ್ಲಿಸಿ, ಕೂರಿಸಿ, ಅಂಗೈ ಮೇಲೆ ಗುಡ್ಡ ಇಟ್ಟುಕೊಂಡ ಹಾಗೆ ಫೋಟೊ ತೆಗೆದರು. ಉಲುರು ಪಕ್ಕದ ಊರು ಯುಲಾರಾ ತಲುಪಿ ಸಿಗ್ನಲ್ ಸಿಕ್ಕಿದ ಕೂಡಲೇ ಇಡೀ ಬಳಗಕ್ಕೆ ಕಳಿಸಿದರು. ಅತ್ತೆ ಅದನ್ನು ನೋಡಿ ಕೈಮುಗಿದರು. ಆಮೇಲೆ ತಿಳಿಯಿತು, ಅದು ಉಲುರು ಅಲ್ಲ, ಮೌಂಟ್ ಕಾನರ್. ಮೇಲೆ ಮೇಜಿನಂತೆ ಚಪ್ಪಟೆ ಇರುವ ಬೇರೆಯೇ ಗುಡ್ಡ. ಇಲ್ಲಿಯ ಜನ ಅದಕ್ಕೆ 'ಫೂಲುರು' ಎನ್ನುತ್ತಾರೆ. ಮೋಸ ಹೋದವರು ಅಷ್ಟು ಜನ."

"ಅತ್ತೆಯವರಿಗೆ ನಿಜ ಹೇಳಿದಿರಾ?"

"ಕೈಮುಗಿದಾದ ಮೇಲೆ ಹೇಳಿ ಏನು ಉಪಯೋಗ? ಅವರ ಚಿಂತೆಯೇ ಬೇರೆ. 'ಬೆಟ್ಟ ಎಂದ ಮೇಲೆ ಹತ್ತಬೇಡವೇನೇ? ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿದವಳು ನಾನು' ಎಂದರು. ಅದು ಅಲ್ಲಿಯವರಿಗೆ ಪವಿತ್ರ ಜಾಗ, 2019ರ ಅಕ್ಟೋಬರಿನಿಂದ ಹತ್ತುವಂತಿಲ್ಲ, ಸುತ್ತಲೂ ಹತ್ತು ಕಿಲೋಮೀಟರ್ ನಡೆಯಬಹುದು ಎಂದೆ. 'ಅಯ್ಯೋ, ಪ್ರದಕ್ಷಿಣೆ ಎಂದು ಮೊದಲೇ ಹೇಳಬಾರದೇ!' ಎಂದು ಫೋನ್ ಇಟ್ಟರು."

ಅತ್ತೆಯವರಿಗೆ ಅರೆಕ್ಷಣದಲ್ಲಿ ಹೊಳೆದ ಈ ಮಾತು, ಹತ್ತಲು ಬಿಡಬೇಕು ಎಂದು ವರ್ಷಗಟ್ಟಲೆ ವಾದಿಸಿದವರಿಗೆ ಯಾಕೆ ಹೊಳೆಯಲಿಲ್ಲವೋ ನನಗೆ ತಿಳಿಯದು.

ಹಾಗಿದ್ದರೆ ಹತ್ತಿರದ್ದೇ ಆಗಲಿ, ಪಶ್ಚಿಮದ ಮ್ಯಾಕ್‌ಡೊನೆಲ್ ಬೆಟ್ಟಸಾಲಿನಲ್ಲಿ ಎಲ್ಲರಿ ಕ್ರೀಕ್‌ನ ಮಡುವಿಗೆ ಹೋಗೋಣ ಎಂದೆ. ಭಟ್ಟರು ಕೂತಲ್ಲೇ ನಡುಗಿದರು. ಅಘನಾಶಿನಿಯಲ್ಲಿ ಈಜಿದ ಹೆಮ್ಮೆಯಲ್ಲಿ ಜನವರಿಯ ಬಿಸಿಲಿಗೆ ಅಲ್ಲಿ ಧುಮುಕಿದ್ದರು. ಬಿಸಿಲು ಕಾಣದ ಕಮರಿಯ ನೀರು ಬೇಸಿಗೆಯಲ್ಲೂ ಹಿಮದಂತಿರುತ್ತದೆ. ಮೇಲೆ ಬಂದಾಗ ಅವರ ಬಾಯಿಂದ ಮಾತಿರಲಿ, ಶಿರಸಿಯ ಬೈಗುಳವೂ ಹೊರಡಲಿಲ್ಲ.

ಅತ್ತಿಗೆಯದು ಬೇರೆ ತಕರಾರು. "ನೊಣ ಇಲ್ಲದ ಕಡೆ ಹೇಳಿ, ಬರುತ್ತೇನೆ."

ಹೊಸಬ ನಕ್ಕ. ಪಾಪ, ಬಂದದ್ದು ಚಳಿಗಾಲದಲ್ಲಿ. ಇಲ್ಲಿಯ ನೊಣಕ್ಕೆ ಬೇಕಾದದ್ದು ನಮ್ಮ ಊಟವಲ್ಲ, ನಮ್ಮ ಕಣ್ಣು, ಮೂಗು, ತುಟಿಗಳ ತೇವ. ಅದಕ್ಕಾಗಿ ಟೋಪಿಯ ಮೇಲಿಂದ ಕತ್ತಿನವರೆಗೆ ಬಲೆ ಇಳಿಬಿಡಬೇಕು. ಬಲೆ ಹಾಕಿಕೊಂಡು ಚಿತ್ರಾನ್ನ ತಿನ್ನುವ ಕ್ರಮವನ್ನು ಅತ್ತಿಗೆ ಮಾಡಿಯೇ ತೋರಿಸಿದರು. ಎಡಗೈಯಲ್ಲಿ ಬಲೆಯ ಅಂಚನ್ನು ಮೂಗಿನವರೆಗೆ ಎತ್ತಬೇಕು, ಬಲಗೈಯ ತುತ್ತು ಮಿಂಚಿನಂತೆ ಒಳಗೆ ಹೋಗಬೇಕು, ಬಲೆ ಬೀಳಬೇಕು. ಅಷ್ಟರಲ್ಲಿ ಒಂದು ನೊಣ ಒಳಗೆ ಸೇರಿದರೆ ಅದಕ್ಕೂ ನಮಗೂ ಒಂದೇ ಮನೆ. "ಒಗ್ಗರಣೆಯ ಸಾಸಿವೆ ಯಾವುದು, ನೊಣ ಯಾವುದು ಎಂದು ಹೇಗೆ ತಿಳಿಯುವುದು ಅತ್ತಿಗೆ?" ಎಂದ ಹೊಸಬ. "ಸಾಸಿವೆ ಹಾರುವುದಿಲ್ಲ" ಎಂದರು ಅವರು.

ಹೋಗುವ ಊರೇ ಉಳಿಯಲಿಲ್ಲ. ಆಗ ಮೇಷ್ಟರು ಆಗಸ್ಟಿನ ದೋಣಿ ಸ್ಪರ್ಧೆಯ ಮಾತು ತೆಗೆದರು.

"ದೋಣಿಯೇ? ಎಲ್ಲಿ?"

"ಟಾಡ್ ನದಿಯಲ್ಲಿ."

ಹೊಸಬ ದಿನವೂ ಆ ನದಿಯ ಮರಳಿನ ಮೇಲೆ ನಡೆದೇ ಕೆಲಸಕ್ಕೆ ಹೋಗುತ್ತಾನೆ. ತಂತಿ ಇಲಾಖೆಯ ಚಾರ್ಲ್ಸ್ ಟಾಡ್ ಸಾಹೇಬರ ಹೆಸರಿನ ಈ ನದಿಯಲ್ಲಿ ನೀರು ಕಾಣುವುದೇ ಅಪರೂಪ. ಅವರ ಪತ್ನಿ ಆಲಿಸ್ ಹೆಸರಿನ ಬುಗ್ಗೆಯಾದರೋ ಬುಗ್ಗೆಯೇ ಅಲ್ಲ, ಅದೇ ನದಿಯ ಪಾತ್ರದಲ್ಲಿರುವ ಹೊಂಡ. ಗಂಡ ಹೆಂಡತಿ ಇಬ್ಬರೂ ಸೇರಿ ಊರಿಗೆ ಇಷ್ಟು ಅನುಕೂಲ ಮಾಡಿಕೊಟ್ಟಿದ್ದಾರೆ.

"1962ರಿಂದ ನಡೆಯುತ್ತಿದೆ" ಎಂದರು ಮೇಷ್ಟರು. "ದೋಣಿಗೆ ತಳ ಇರುವುದಿಲ್ಲ. ಒಳಗೆ ನಿಂತು, ದೋಣಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಹಿಡಿದು ಮರಳಿನಲ್ಲಿ ಓಡಬೇಕು. 1993ರಲ್ಲಿ ಒಮ್ಮೆ ರದ್ದಾಯಿತು."

"ಯಾಕೆ?"

"ನದಿಯಲ್ಲಿ ನೀರು ಬಂದುಬಿಟ್ಟಿತ್ತು."

ಮುಂದಿನ ಒಂದು ಗಂಟೆ ತಂಡ ಕಟ್ಟುವುದರಲ್ಲೇ ಹೋಯಿತು. ಮೇಷ್ಟರಿಗೆ ನಾಯಕನಾಗಿ ಮುಂದೆ ಕೂರುವ ಆಸೆ. ತಳವಿಲ್ಲದ ದೋಣಿಯಲ್ಲಿ ನಾಯಕನೂ ಓಡಬೇಕು ಎಂದು ಅತ್ತಿಗೆ ನೆನಪಿಸಿದ ಮೇಲೆ ಆ ಹುದ್ದೆಯನ್ನು ಹೊಸಬನಿಗೆ ಬಿಟ್ಟುಕೊಟ್ಟು, ಹೆಸರು ಇಡುವ ಅಧಿಕಾರವನ್ನು ಮಾತ್ರ ಉಳಿಸಿಕೊಂಡರು.

"ಕಾವೇರಿ!" ಎಂದು ಘೋಷಿಸಿದರು.

"ಆ ಹೆಸರನ್ನು ತಮಿಳು ಗೆಳೆಯರು ಆಗಲೇ ಅವರ ದೋಣಿಗೆ ಬರೆಸಿದ್ದಾರೆ" ಎಂದರು ಭಟ್ಟರು.

ಮೇಷ್ಟರು ಎದ್ದು ನಿಂತರು. "ಏನು? ಹನಿ ನೀರಿಲ್ಲದ ಕಡೆಯಲ್ಲೂ ಬಿಟ್ಟುಕೊಡಬೇಕೇ?"

ವಾದ ಎಷ್ಟು ಏರಿತೆಂದರೆ ಹೀಟರ್ ಆರಿಸಬೇಕಾಯಿತು. ಭಟ್ಟರು ಅಘನಾಶಿನಿ ಎಂದರು, ಅತ್ತಿಗೆ ಹೇಮಾವತಿ ಎಂದರು, ಮೇಷ್ಟರು ನ್ಯಾಯಮಂಡಳಿಯ ತೀರ್ಪಿನವರೆಗೂ ಹೋದರು. ಕೊನೆಗೆ ಹೊಸಬ ಮೆಲ್ಲಗೆ ಬಾಯಿ ಬಿಟ್ಟ.

"ವೃಷಭಾವತಿ ಎಂದು ಇಟ್ಟರೆ? ಅದನ್ನು ನಮ್ಮದು ಎಂದು ಯಾರೂ ಕೇಳಿಕೊಂಡು ಬರುವುದಿಲ್ಲ."