ಪ್ರಶ್ನೋತ್ತರ: ಮಳೆ ನೆಚ್ಚಿದ ರೈತನ ಲೆಕ್ಕ ನನ್ನ ಕಂಪ್ಯೂಟರ್ ಮಾದರಿಗೇಕೆ ಸಿಗುತ್ತಿಲ್ಲ?

ಪ್ರಶ್ನೆ (ಕೃಷಿ ಅರ್ಥಶಾಸ್ತ್ರ ವಿದ್ಯಾರ್ಥಿ): ನಮಸ್ಕಾರ ಮೇಡಂ. ಚಳ್ಳಕೆರೆ ಕಡೆ ನಾಲ್ಕೈದು ಎಕರೆ ಖುಷ್ಕಿ ಇರುವ ರೈತರು ಬರದ ಭಯವಿದ್ದಾಗ ಏನು ಬಿತ್ತುತ್ತಾರೆ ಎಂದು ಮಾದರಿ ಕಟ್ಟುತ್ತಿದ್ದೇನೆ. ಸರಾಸರಿ ಲಾಭವನ್ನೇ ಗುರಿಯಾಗಿಟ್ಟರೆ ಅದು ಇಡೀ ಹೊಲಕ್ಕೆ ಶೇಂಗಾ ಹಾಕು ಎನ್ನುತ್ತದೆ. ರೈತರು ಒಂದಿಷ್ಟು ರಾಗಿ, ನವಣೆ ಹಾಕಿ, ಶೇಂಗಾದ ನಡುವೆ ತೊಗರಿ ಅಕ್ಕಡಿ ಬಿಡುತ್ತಾರೆ. ಅವರ ಅಂಜಿಕೆಗೆ ಒಂದು ಗುಣಾಂಕ ಸೇರಿಸಿದರೆ ಸಾಕೇ?

ಉತ್ತರ: ಸಾಲದು. ಎಲ್ಲವನ್ನೂ ಅಂಜಿಕೆಯ ತಲೆಗೆ ಕಟ್ಟುವುದು ನಮ್ಮ ಶಾಸ್ತ್ರದ ಹಳೆಯ ಚಾಳಿ. ಖುಷ್ಕಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಅಧ್ಯಯನ ನಡೆಸುತ್ತಿದ್ದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಬಿನ್ಸ್‌ವಾಂಗರ್ ನಿಜವಾದ ಹಣವನ್ನೇ ಪಣಕ್ಕಿಟ್ಟು ರೈತರನ್ನು ಪರೀಕ್ಷಿಸಿದರು. ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಹಣದ ಮೊತ್ತ ಏರಿದಂತೆ ಬಡವರೂ ಉಳ್ಳವರೂ ಹೆಚ್ಚುಕಡಿಮೆ ಒಂದೇ ಮಟ್ಟದ ಎಚ್ಚರ ತೋರಿದರು. ಆದರೆ ಹೊಲದಲ್ಲಿ ಇಬ್ಬರ ನಡೆ ಬೇರೆ. ಮಳೆ ನಂಬಲಾಗದ ಕಡೆ ಬಡ ಕುಟುಂಬ ಲಾಭ ಬಿಟ್ಟುಕೊಟ್ಟು ಸುರಕ್ಷಿತ ದಾರಿ ಹಿಡಿಯುತ್ತದೆ ಎಂದು ಬಿನ್ಸ್‌ವಾಂಗರ್ ಅವರೇ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರೋಸೆನ್‌ಜ್ವೀಗ್ ಜೊತೆ 1993ರಲ್ಲಿ ತೋರಿಸಿದರು. ಹಾಗಾದರೆ ವ್ಯತ್ಯಾಸವಿರುವುದು ಮನಸ್ಸಿಗಿಂತ ಹೆಚ್ಚಾಗಿ ಕೈಯಲ್ಲಿರುವ ಕಾಸು, ಸಿಗುವ ಸಾಲ, ಕಣಜದಲ್ಲಿರುವ ಕಾಳಿನಲ್ಲಿ.

ಶೇಂಗಾಕ್ಕೆ ಎಕರೆಗೆ ಸುಮಾರು 40 ಕಿಲೋ ಬೀಜ ಬೇಕು. ರಾಗಿಗೆ ನಾಲ್ಕೈದು ಕಿಲೋ ಸಾಕು. ಬಿತ್ತಿದ ಮೇಲೆ ಮಳೆ ಹಿಂದೆಗೆದರೆ ಒಬ್ಬನಿಗೆ ಹೋಗುವುದು ಒಂದು ಚೀಲ ಬೀಜ, ಇನ್ನೊಬ್ಬನಿಗೆ ನಾಲ್ಕೈದು ಕಿಲೋ. ಸರಾಸರಿಯಲ್ಲಿ ಇದು ಕಾಣುವುದಿಲ್ಲ. ಮನೆಯ ಊಟಕ್ಕೆ ಮತ್ತು ಸಾಲದ ಕಂತಿಗೆ ಬೇಕಾದಷ್ಟನ್ನು ನೆಲಮಟ್ಟವಾಗಿ ಹಾಕಿ. ಅದರ ಕೆಳಗೆ ಜಾರುವ ಸಂಭವವನ್ನು ಮಾದರಿ ಮೊದಲು ತಗ್ಗಿಸಲಿ, ಲಾಭ ಆಮೇಲೆ ನೋಡಲಿ.

ಇನ್ನೊಂದು, ನಿಮ್ಮ ಮಾದರಿ ಜೂನ್‌ನಲ್ಲಿ ಒಮ್ಮೆ ತೀರ್ಮಾನಿಸಿ ಕೈತೊಳೆದುಕೊಳ್ಳುತ್ತದೆ. ರೈತ ಮಳೆಯಿಂದ ಮಳೆಗೆ ತೀರ್ಮಾನಿಸುತ್ತಾನೆ. ಆರಿದ್ರ, ಪುನರ್ವಸುವಿನಲ್ಲಿ ಹದವಾದರೆ ಶೇಂಗಾ. ಪುಷ್ಯ ದಾಟುತ್ತಿದ್ದರೆ ರಾಗಿ, ನವಣೆಗೆ ಪಾಲು ಹೆಚ್ಚು. ಆಮೇಲೂ ಬಾರದಿದ್ದರೆ ಹುರುಳಿ. ಕಾಯುವುದೂ ಒಂದು ಆಯ್ಕೆ. ಪಾವಗಡ-ಅನಂತಪುರ ಸೀಮೆಯ ಶೇಂಗಾ ಬಿತ್ತನೆ ಯಾವಾಗಾದರೆ ಒಳಿತು ಎಂದು ಹಳೆಯ ಮಳೆ ದಾಖಲೆಗಳನ್ನು ಪಿಎನ್‌ಯುಟಿಗ್ರೋ ಎಂಬ ಬೆಳೆ ಮಾದರಿಯಲ್ಲಿ ಓಡಿಸಿ ನೋಡಿದವರು ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು. ಅಲ್ಲಿಂದ ಶುರುಮಾಡಿ.

ಸದಸ್ಯರೊಬ್ಬರು (ಚಳ್ಳಕೆರೆ ತಾಲ್ಲೂಕಿನ ರೈತ): ಮೇಡಂ, ಹದವಾದ ದಿನ ಇಡೀ ಊರಿಗೆ ಟ್ರ್ಯಾಕ್ಟರ್ ಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಕೆಂಪು ನೆಲ ಆರಿರುತ್ತದೆ. ಸ್ವಂತ ಎತ್ತಿದ್ದವನು ಬಿತ್ತಿದ, ನಾನು ಕಾದೆ. ಇದನ್ನು ನನ್ನ ಆಯ್ಕೆ ಎಂದು ಬರೆದುಕೊಳ್ಳಬೇಡಿ.

ಉತ್ತರ: ಸರಿಯಾಗಿ ಹೇಳಿದಿರಿ. ವಿದ್ಯಾರ್ಥಿ ಮಿತ್ರರೇ, ಇದನ್ನು ಬರೆದುಕೊಳ್ಳಿ. ಒಬ್ಬ ರೈತನನ್ನು ಒಂಟಿಯಾಗಿ ಲೆಕ್ಕ ಹಾಕಿದರೆ ಈ ಸರದಿ ಕಾಣುವುದೇ ಇಲ್ಲ. ಊರಿನ ಎಲ್ಲ ಮನೆಗಳನ್ನೂ ಬಿಡಿಬಿಡಿ ಪಾತ್ರಗಳಾಗಿಟ್ಟು, ಟ್ರ್ಯಾಕ್ಟರನ್ನು ಹಂಚಿಕೊಳ್ಳಬೇಕಾದ ಸಂಪನ್ಮೂಲ ಮಾಡಿ.

ಪ್ರಶ್ನೆ (ವಿದ್ಯಾರ್ಥಿ): ಬೆಳೆ ವಿಮೆ ಸೇರಿಸಿದರೆ ನೆಲಮಟ್ಟದ ಭಯ ಇಳಿಯುವುದಿಲ್ಲವೇ?

ಉತ್ತರ: ಇಳಿಯುತ್ತದೆ, ಕಾಗದದ ಮೇಲಿನಷ್ಟಲ್ಲ. ಆಂಧ್ರದಲ್ಲಿ ನಡೆದ ಪ್ರಯೋಗವೊಂದರಲ್ಲಿ ಮಳೆ ವಿಮೆ ಸಿಕ್ಕ ರೈತರು ಶೇಂಗಾ, ಹರಳಿನತ್ತ ಹೆಚ್ಚು ವಾಲಿದರು. ಆದರೆ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಎಂಬ ಬೆಳೆ ವಿಮೆ ಯೋಜನೆಯಲ್ಲಿ ಮುಂಗಾರು ಶೇಂಗಾಕ್ಕೆ ರೈತನ ಕಂತು ಶೇಕಡ 2 ಮಾತ್ರವಾದರೂ, ಇಳುವರಿ ನಷ್ಟ ಅಳೆಯುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದಲ್ಲಿ. ಪಕ್ಕದ ಹೊಲಗಳು ನೆನೆದು ನಿಮ್ಮದು ಒಣಗಿದರೆ ದಕ್ಕುವುದು ಸೊನ್ನೆ. ದುಡ್ಡು ಯಾವ ತಿಂಗಳು ಕೈಸೇರುತ್ತದೆ ಎಂಬುದೂ ಮಾದರಿಯಲ್ಲಿರಲಿ. ಮುಂದಿನ ಬಿತ್ತನೆ ಮುಗಿದ ಮೇಲೆ ಬಂದರೆ ಆ ಬಿತ್ತನೆಯ ಬೀಜಕ್ಕೆ ಅದು ಇಲ್ಲದ ದುಡ್ಡು.

ಪರೀಕ್ಷೆಗೆ 2023ನ್ನು ತೆಗೆದುಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಹೋಬಳಿವಾರು ಮಳೆಯನ್ನು ವಾರದ ಲೆಕ್ಕದಲ್ಲಿ ಕೊಟ್ಟು, ನಿಮ್ಮ ರೈತರು ಶೇಂಗಾ ಕೈಬಿಡುವ ವಾರಕ್ಕೂ ಕೃಷಿ ಇಲಾಖೆಯ ಬಿತ್ತನೆ ವರದಿಗೂ ತಾಳೆ ನೋಡಿ. ಎರಡು ವಾರಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಬೀಜದ ಸಾಲದ ಭಾಗವನ್ನು ತಿದ್ದಿ, ಆಮೇಲೆ ಅಂಜಿಕೆಯ ಗುಣಾಂಕ ಮುಟ್ಟಿ.