ಬೆನ್ನುಹುರಿಗೆ ಪೆಟ್ಟಾದ ಮ್ಯಾಲೆ ನಮ್ಮ ಮನೆಯವರು ನೀರೂ ಕುಡಿಯವಲ್ರು

ಪ್ರಶ್ನೆ (ಬ್ಯಾಡಗಿ ಕಡೆಯಿಂದ)
ನಮಸ್ಕಾರ್ರಿ. ಎಂಟು ತಿಂಗಳ ಹಿಂದ ನಮ್ಮ ಮನೆಯವರು ಮೆಣಸಿನಕಾಯಿ ಚೀಲ ಹೇರುವಾಗ ಲಾರಿ ಮ್ಯಾಲಿಂದ ಬಿದ್ರು. ಬೆನ್ನಿನ ಡಿ12 ಅನ್ನೋ ಎಲುಬು ಮುರದು ಬೆನ್ನುಹುರಿಗೆ ಪೆಟ್ಟಾಗೇತಿ. ಸೊಂಟದ ಕೆಳಗ ಮುಟ್ಟಿದ್ರ ಗೊತ್ತಾಗಂಗಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲಾ ಬದಲಿ ಮಾಡ್ತೀನಿ, ಹುಣ್ಣಾಗಿಲ್ಲ. ಆದ್ರ ಮನಸ್ಸು ನನ್ನ ಕೈಗೆ ಸಿಗವಲ್ದು. ಬಳಗದವರು ಬಂದು "ಪಂಚಮಿಗೆ ಎದ್ದು ಅಡ್ಡಾಡ್ತಿ ಬಿಡು" ಅಂತಾರ. ಅವರು ಹೋಗೂತನಾ ಇವರು ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಾರ. ಈಗ ನೀರೂ ಕುಡಿಯವಲ್ರು. ಕುಡದ್ರ ಪೈಪ್ ಹಾಕಿ ಉಚ್ಚಿ ತೆಗಿಯಾಕ ನನ್ನ ಕರೀಬೇಕಲ್ಲ. "ನಿನಗ ನಾ ಕೂಸಾದೆನು?" ಅಂತ ಕೇಳ್ತಾರ. ಏನು ಮಾತಾಡ್ಲಿ, ಹೇಳ್ರಿ.

ಉತ್ತರ (ಗದಗ-ಬೆಟಗೇರಿ)
ತಂಗೀ, 2013ರಾಗ ಹುಣಸಿಗಿಡದಿಂದ ಬಿದ್ದಂವ ನಾ. ಮಾತು ಆಮ್ಯಾಲಿರಲಿ, ಮೊದಲು ಆ ಪೈಪ್ ಅವರ ಕೈಗೇ ಕೊಡು. ಕೈ ಚಲೋ ಅದಾವಲ್ಲ. ತಾವೇ ಹಾಕ್ಕೊಳ್ಳೋದನ್ನ ಆಸ್ಪತ್ರಿ ನರ್ಸ್ ಕಲಿಸ್ತಾರ. ಕೈ ಸಾಬೂನಿಲೆ ತೊಳಕೊಂಡು, ನಾಕರಿಂದ ಆರು ತಾಸಿಗೊಮ್ಮೆ. ನನ್ನ ಬಾಗಲಾ ನಾನೇ ಹಾಕ್ಕೊಂಡು ಮೊದಲ ಸಲ ಮುಗಿಸಿದಾಗ ಒಳಗ ಕುಂತು ಅತ್ತೆ, ಸಮಾಧಾನಕ್ಕ. ಡಾಕ್ಟರ್ ಹೇಳಿದಷ್ಟು ನೀರು ತಪ್ಪಸಬ್ಯಾಡ್ರಿ. ನೀರು ಬಿಟ್ಟು ಸೋಂಕಾಗಿ, ಜ್ವರ ಬಂದು ಎರಡು ಸಲ ಅಡ್ಮಿಟ್ ಆಗೀನಿ. ಬಳಗದವರಿಗೆ ಬಾಗಲದಾಗ ಹೇಳು, ನಡಿಯೋ ಮಾತು ಬ್ಯಾಡ, ಮಳಿ ಬೆಳಿ ಮಾತಾಡ್ರಿ ಅಂತ.

ಮನಿ ಲೆಕ್ಕಾ ಈಗ ಯಾರು ಬರೀತಾರ? ನನ್ನ ಹೆಂಡ್ತಿ ಕಾಳಜಿಗೇ ನನ್ನ ಏನೂ ಕೇಳತಿರಲಿಲ್ಲ. ಅದು ಬಿದ್ದದ್ದಕ್ಕಿಂತ ಜಾಸ್ತಿ ನೋವಾಗಿತ್ತು. ಒಂದಿನ ಮಗ್ಗದ ಸೀರಿ ಲೆಕ್ಕಾ ತಪ್ಪಿ ನನ್ನ ಮುಂದ ವಹಿ ತಂದಿಟ್ಲು. ಇವತ್ತಿಗೂ ನಾನೇ ಬರೀತೀನಿ.

ಉತ್ತರ (ಧಾರವಾಡ, ಫಿಜಿಯೋಥೆರಪಿಸ್ಟ್)
ಅಣ್ಣನವರು ಹೇಳಿದ್ದು ಸರಿ. ಆದರೆ ನಿದ್ದೆ, ಊಟ, ಮಾತು ಕೆಟ್ಟು ಎರಡು ವಾರ ಮೀರಿದ್ದರೆ ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಇಲ್ಲಿನ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿ. ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. "ಸಾಯೋ ವಿಚಾರ ಬರ್ತೈತೇನು?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಇವತ್ತೇ ಬೇರೆ ಕಡೆ ಇಡಿಸಿ.

ಕೇಳಿದವರು
ಎಣ್ಣಿ ಡಬ್ಬಿ ಮೈದುನನ ಮನಿಗೆ ಕಳಿಸೀನ್ರಿ. ಅಣ್ಣಾರು ಬರದದ್ದು ಅವರಿಗೆ ಓದಿ ಹೇಳಿದೆ. ಬಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ, "ಆ ಹುಣಸಿಗಿಡ ಎಷ್ಟು ಎತ್ತರ ಇತ್ತಂತ ಕೇಳು" ಅಂದ್ರು.