ಸಹಾಯ ಬೇಕು: ಮೋಟರ್‌ಹೋಮ್ ನೆಲ ಮೆತ್ತಗಾಗಿದೆ, ತುಂಡು ಹಾಕಲೇ, ಪೂರ್ತಿ ಬದಲಿಸಲೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮೋಟರ್‌ಹೋಮ್‌ನ (ಒಳಗೇ ವಾಸ ಮಾಡಬಹುದಾದ ಗಾಡಿ) ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ಕುಸಿದ ಹಾಗಾಗುತ್ತೆ. ವಿನೈಲ್ ಶೀಟಿನ ಅಂಚು ಎತ್ತಿ ನೋಡಿದೆ: ಕೆಳಗಿನ ಪ್ಲೈವುಡ್ ಕಪ್ಪಾಗಿ ಪದರ ಪದರ ಬಿಟ್ಟಿದೆ, ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತೆ. ಬಾಗಿಲ ಚೌಕಟ್ಟಿನ ಸಂದು ಮುಚ್ಚುವ ಸೀಲಂಟ್ ಬಿರುಕು ಬಿಟ್ಟು ನೀರು ಇಳಿಯುತ್ತಿತ್ತು. ಅದನ್ನು ಕೆರೆದು ಹೊಸದು ಹಾಕಿಯಾಯಿತು, ಆ ಬಗ್ಗೆ ಸಲಹೆ ಬೇಡ.

ತಲೆನೋವು ಮುಂದಿನದು. ನೆಲ ಸ್ಯಾಂಡ್‌ವಿಚ್ ಥರದ್ದು, ಮೇಲೂ ಕೆಳಗೂ ತೆಳು ಪ್ಲೈ, ನಡುವೆ ಫೋಮ್. ಕೊಳೆತಷ್ಟನ್ನೇ ಕತ್ತರಿಸಿ ಮರೈನ್ ಪ್ಲೈ (ತೇವ ತಡೆಯುವ ಪ್ಲೈವುಡ್) ತುಂಡನ್ನು ಎಪಾಕ್ಸಿ ಅಂಟು ಹಾಕಿ ಕೂರಿಸಿದರೆ ಸಾಕಾ? ಆದರೆ ಕೊಳೆತ ಭಾಗ ಸೀಟಿನ ಪೆಟ್ಟಿಗೆಯ ಅಡಿಗೂ ಹೋಗಿದೆ, ಸೀಟ್‌ಬೆಲ್ಟಿನ ಬೋಲ್ಟುಗಳೂ ಅಲ್ಲೇ ಇವೆ. ಅಲ್ಲಿ ತೇಪೆ ಕೆಲಸ ಮಾಡಲು ನನಗಂತೂ ಧೈರ್ಯವಿಲ್ಲ. ಒದ್ದೆಯಾದ ಫೋಮ್ ಒಣಗುತ್ತಾ, ಇಲ್ಲಾ ಕಿತ್ತು ಹಾಕಲೇಬೇಕಾ?

ಮೇಲೆ ಹಾಸಲು ಕ್ಲಿಕ್ ವಿನೈಲ್ ಹಲಗೆ (ಅಂಚುಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಸುವಂಥದ್ದು) ನೋಡುತ್ತಿದ್ದೇನೆ. ಬಿಸಿಲಿಗೆ ಹಿಗ್ಗಿ ಉಬ್ಬುತ್ತೆ, ಕಪಾಟಿನಡಿ ಬಿಗಿಯಾಗಿ ಸಿಕ್ಕಿಸಬಾರದು ಅಂತಾರೆ. ಅಂಚಿನಲ್ಲಿ ಎಷ್ಟು ಸಂದು ಬಿಟ್ಟಿರಿ? (ಟೈಲ್ಸ್ ಮಾತು ಬೇಡ, ಭಾರವೂ ಹೌದು, ಗಾಡಿ ಕುಲುಕಿದರೆ ಬಿರುಕೂ ಹೌದು.)

ಕೈಯಾರೆ ಮಾಡಿದವರು ದಯವಿಟ್ಟು ಹೇಳಿ. ಬೋಲ್ಟ್ ಇರುವ ಜಾಗ ಬಿಚ್ಚಿದ ಫೋಟೊ ಇದ್ದರೆ ಹಾಕಿ, ತುಂಬಾ ಉಪಕಾರವಾಗುತ್ತೆ.